ಮೂವತ್ತರಲ್ಲಿ ಇಪ್ಪತ್ತನಾಲ್ಕು

ಮುನೀಂದ್ರನ ಬಾಳಿಗೆ ಕಲ್ಲು ಹಾಕಿದ್ದು 'ತಿಳಿಯುತ್ತಾರೆ' ಎಂಬ ಒಂದೇ ಒಂದು ಕ್ರಿಯಾಪದ.

"ವಿದ್ಯಾರ್ಥಿಗಳು ಭಿನ್ನರಾಶಿಗಳ ಬಗ್ಗೆ ತಿಳಿಯುತ್ತಾರೆ" ಎಂದು ಅವನು ಪಾಠ ಯೋಜನೆಯಲ್ಲಿ 'ಕಲಿಕೆಯ ಗುರಿ' ಎಂಬ ತಲೆಬರಹದ ಕೆಳಗೆ, ಸ್ಕೇಲಿಟ್ಟು ಗೆರೆ ಎಳೆದು, ದುಂಡಗೆ ಬರೆದುಕೊಟ್ಟಿದ್ದ. ಬಿ.ಇಡಿ. ಕಾಲೇಜಿನ ಭಾನುಪ್ರಕಾಶ್ ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, ಮತ್ತೆ ಕನ್ನಡಕ ಏರಿಸಿ, ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು.

"ತಿಳಿಯುತ್ತಾರೆ ಅಂದ್ರೇನ್ರೀ? ತಿಳಿದಿದ್ದು ನಿಮ್ಮ ಕಣ್ಣಿಗೆ ಕಾಣ್ಸುತ್ತಾ? ತಿಳಿದ ತಕ್ಷಣ ಹುಡುಗ್ರ ಹಣೆ ಮೇಲೆ ಬಲ್ಬು ಹತ್ಕೊಳ್ಳುತ್ತಾ?"

"ಇಲ್ಲ ಸಾರ್."

"ಮತ್ತೆ? ಅಳೆಯೋಕೆ ಆಗೋ ಹಾಗೆ ಬರ್ಕೊಂಡು ಬನ್ನಿ."

ಎರಡನೇ ಸಲ 'ಅರ್ಥಮಾಡಿಕೊಳ್ಳುತ್ತಾರೆ' ಎಂದು ಬರೆದ. ಅಡ್ಡಗೆರೆ. ಮೂರನೇ ಸಲ, ಎರಡು ದಿನ ಯೋಚಿಸಿ, 'ಮಕ್ಕಳಿಗೆ ಚೆನ್ನಾಗಿ ಮನವರಿಕೆಯಾಗುತ್ತದೆ' ಎಂದು ಬರೆದ. ಭಾನುಪ್ರಕಾಶ್ ಅಡ್ಡಗೆರೆಯನ್ನೂ ಎಳೆಯಲಿಲ್ಲ. ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತುಬಿಟ್ಟರು. ಆಮೇಲೆ, "ಶುಕ್ರವಾರ ನಿಮ್ಮ ಕೊನೇ ಪಾಠ ನೋಡೋಕೆ ಬರ್ತೀನಿ. ಗುರಿ ಸರಿಯಾಗಿದ್ದು, ಅದು ಮುಟ್ಟಿದ್ರೆ ಸಹಿ. ಇಲ್ಲಾಂದ್ರೆ ಇಲ್ಲ. ಏಳಿ" ಎಂದರು.

ಈ ಸಹಿಯ ಬೆಲೆ ಏನು ಅಂತ ತಿಳಿಯಬೇಕಾದರೆ ಮುನೀಂದ್ರನ ಜಾತಕ ಸ್ವಲ್ಪ ಗೊತ್ತಿರಬೇಕು. ವಯಸ್ಸು ಮೂವತ್ತೊಂದು. ಮೊಬೈಲ್ ಅಂಗಡಿ ಇಟ್ಟು ಮುಚ್ಚಿದ್ದಾನೆ. ವಿಮೆ ಏಜೆಂಟಾಗಿ ತನ್ನ ನೆಂಟರಿಗೆಲ್ಲ ಪಾಲಿಸಿ ಮಾಡಿಸಿ, ಈಗ ಯಾವ ಮದುವೆಗೂ ಕರೆಯದ ಸ್ಥಿತಿ ತಂದುಕೊಂಡಿದ್ದಾನೆ. ಕೊನೆಗೆ ಹೆಂಡತಿ ಲಾವಣ್ಯಳೇ ಬಿ.ಇಡಿ.ಗೆ ಸೇರಿಸಿದಳು. ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಾದ ಸೆಮಿಸ್ಟರಿನಲ್ಲಿ ಹೋದ ವರ್ಷ ನಪಾಸಾದ. ಕಾರಣ ಕೇಳಿದರೆ ನಿಮಗೇ ಬೇಜಾರಾಗುತ್ತದೆ. ಆರನೇ ತರಗತಿಗೆ ಹೋಗಿ ನಲವತ್ತು ನಿಮಿಷ ಏಳನೇ ತರಗತಿಯ ಪಾಠ ಮಾಡಿದ್ದ. ಮಕ್ಕಳು ಪಾಪ, ಮರ್ಯಾದೆಯಿಂದ ಕೇಳಿಸಿಕೊಂಡಿದ್ದವು. ಈ ಸಲವೂ ಹೋದರೆ ಮೂರನೇ ಅವಕಾಶವಿಲ್ಲ, ಡಿಗ್ರಿಯೂ ಇಲ್ಲ. ಆದರೂ ಮಹಾರಾಯ ಆಗಲೇ ಬೈಕಿನ ಹಿಂದೆ 'ಶಿಕ್ಷಕ' ಎಂದು ಸ್ಟಿಕ್ಕರ್ ಅಂಟಿಸಿಕೊಂಡಿದ್ದ.

ಲಾವಣ್ಯ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಚ್‌ಆರ್. ಸೋಮವಾರ ಬೆಳಿಗ್ಗೆ ಕಂಪನಿಯ ಕ್ಯಾಬ್ ಬರುವುದಕ್ಕೆ ಆರು ನಿಮಿಷವಿದೆ ಎನ್ನುವಾಗ, ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಾ ಗಂಡನ ಗೋಳು ಕೇಳಿದಳು.

"ರೀ, ಇದಕ್ಕೆ ಮೂರು ಸಲ ಬೈಸ್ಕೊಂಡ್ರಾ? ಗೋಲ್ ಅಂದ್ರೆ ಅದ್ರಲ್ಲಿ ನಂಬರ್ ಇರ್ಬೇಕು, ಡೇಟ್ ಇರ್ಬೇಕು. ಕ್ಲಾಸಲ್ಲಿ ಎಷ್ಟು ಜನ?"

"ಮೂವತ್ತು."

"ನಿಮ್ಮ ಕಾಲೇಜು ಪುಸ್ತಕದಲ್ಲಿ ಎಷ್ಟು ಪರ್ಸೆಂಟ್ ಅಂತ ಇದೆ?"

"ಎಂಬತ್ತು."

"ಇಪ್ಪತ್ನಾಲ್ಕು ಜನ. ಶುಕ್ರವಾರದೊಳಗೆ ಐದು ಲೆಕ್ಕದಲ್ಲಿ ನಾಲ್ಕು ಸರಿ ಮಾಡ್ಬೇಕು. ಮುಗೀತು. ನಮ್ಮ ಆಫೀಸಲ್ಲಿ ಇದನ್ನ ಟಾರ್ಗೆಟ್ ಅಂತೀವಿ. ದೊಡ್ಡದಾಗಿ ಬರೆದು ಎಲ್ಲರಿಗೂ ಕಾಣೋ ಹಾಗೆ ಗೋಡೆಗೆ ಹಾಕಿ. ಮತ್ತೆ ರೀ, ಈ ಸಲಾನೂ ಫೇಲಾಗಿ ಬಂದ್ರೆ ನನ್ನ ಮುಂದೆ ಕಥೆ ಹೇಳ್ಬೇಡಿ. ಸತ್ಯವಾಗ್ಲೂ ನಂಗೆ ಸಾಕಾಗಿದೆ."

ಸಾಕಾಗಿದೆ ಎಂದವಳು ಚಿತ್ರಾನ್ನದ ಮೇಲೆ ಎರಡು ಗೋಡಂಬಿ ಹೆಚ್ಚಿಗೆ ಹಾಕಿಯೇ ಡಬ್ಬಿ ಮುಚ್ಚಿದಳು. ಮುನೀಂದ್ರ ಗೋಡಂಬಿ ನೋಡಲಿಲ್ಲ. ಟಾರ್ಗೆಟ್ ಎಂಬ ಪದದಲ್ಲೇ ಮುಳುಗಿಹೋಗಿದ್ದ. ಅವನಿಗೆ ಇಂಗ್ಲಿಷ್ ಪದ ಒಂದು ಸಿಕ್ಕರೆ ಹೊಸ ಶರ್ಟು ಸಿಕ್ಕಷ್ಟು ಖುಷಿ, ಹಾಕಿಕೊಂಡು ನಾಲ್ಕು ಜನಕ್ಕೆ ತೋರಿಸದೆ ಸಮಾಧಾನವಿಲ್ಲ.

ಅವನಿಗೆ ಕೊಟ್ಟಿದ್ದ ಶಾಲೆ ಜಿಗಣಿ ಕೈಗಾರಿಕಾ ಪ್ರದೇಶದ ಹಿಂಬದಿಯ ಹಳ್ಳಿಯದು. ಅರ್ಧ ಮಕ್ಕಳು ಹಳೇ ಊರಿನವರು. ಇನ್ನರ್ಧ ಯಾದಗಿರಿ, ಬಾಗಲಕೋಟೆ ಕಡೆಯಿಂದ ಬಂದು ಶೀಟಿನ ಮನೆಗಳಲ್ಲಿ ಬಾಡಿಗೆಗಿರುವವರ ಮಕ್ಕಳು. ತಾಯಂದಿರಲ್ಲಿ ಬಹಳ ಮಂದಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಈ ಒಂದು ವಿಷಯವನ್ನು ಮುನೀಂದ್ರ ಒಂದೇ ಒಂದು ನಿಮಿಷ ತಲೆಗೆ ತಂದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಂದುಕೊಳ್ಳಲಿಲ್ಲ. ಹಳದಿ ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಬಾಗಿಲಲ್ಲಿ ನಿಂತವರಿಗೂ ಕಾಣುವ ಹಾಗೆ ಬರೆದು ಆರನೇ ತರಗತಿಯ ಗೋಡೆಗೆ ಅಂಟಿಸಿದ:

ಟಾರ್ಗೆಟ್: 24/30. ಕೊನೆಯ ದಿನ ಶುಕ್ರವಾರ.

"ಮಕ್ಕಳೇ, ಇದು ನಮ್ಮ ಈ ವಾರದ ಟಾರ್ಗೆಟ್. ಮೂವತ್ತರಲ್ಲಿ ಇಪ್ಪತ್ನಾಲ್ಕು. ಶುಕ್ರವಾರ ಕಾಲೇಜಿಂದ ದೊಡ್ಡ ಸಾರ್ ಬಂದು ಚೆಕ್ ಮಾಡ್ತಾರೆ."

ಊರಿನ ಹಳೇ ಪಂಚಾಯ್ತಿ ಮೆಂಬರ್ ಚಿಕ್ಕಮುನಿಯಪ್ಪನ ಮೊಮ್ಮಗ ಬಾಲಾಜಿ ಎದ್ದು ನಿಂತ. "ಸಾರ್, ಇನ್ನಾರು ಜನ?"

ಅಷ್ಟರಲ್ಲಿ ಬೆಲ್ಲಾಯಿತು. ಮುನೀಂದ್ರ ಡಸ್ಟರು, ಪುಸ್ತಕ, ನೀರಿನ ಬಾಟಲಿ ಬಾಚಿಕೊಳ್ಳುತ್ತಾ, "ಆ ಆರು ಜನಾನ ನಾನ್ ಆಮೇಲೆ ನೋಡ್ಕೋತೀನಿ" ಎಂದು ಹೇಳಿ ಹೊರಟ.

ಕನ್ನಡದಲ್ಲಿ 'ನೋಡ್ಕೋತೀನಿ' ಎನ್ನುವುದಕ್ಕೆ ಎರಡು ಅರ್ಥ. ಅಮ್ಮ ಹೇಳಿದರೆ ಒಂದು, ರಸ್ತೆಯಲ್ಲಿ ಬೈಕು ತಾಗಿಸಿಕೊಂಡವನು ಹೇಳಿದರೆ ಇನ್ನೊಂದು. ಕೆಂಪಕ್ಷರದ ಬೋರ್ಡಿನ ಕೆಳಗೆ ನಿಂತು ಹೇಳಿದ ಮೇಲೆ ಮಕ್ಕಳು ಯಾವ ಅರ್ಥ ಹಿಡಿದುಕೊಂಡು ಮನೆಗೆ ಹೋದವು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಮಂಗಳವಾರ ಎಂಟೂವರೆಗೆ ಬಂದಾಗ ಗೇಟಿನ ಮುಂದೆ ಹನ್ನೆರಡು ಹದಿಮೂರು ಹೆಂಗಸರು ನಿಂತಿದ್ದರು. ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಕೈಯಲ್ಲಿ ಊಟದ ಬ್ಯಾಗು. ಮುಂದೆ ನಿಂತಿದ್ದವಳು ಚನ್ನಕ್ಕ, ಆರನೇ ತರಗತಿಯ ಶೈಲಶ್ರೀಯ ತಾಯಿ. ಮುನೀಂದ್ರ ಬೈಕ್ ಸ್ಟ್ಯಾಂಡ್ ಹಾಕುವ ಮೊದಲೇ ಕೇಳಿದಳು.

"ಟಾರ್ಗೆಟ್ ಹಾಕಿದ ಸರ ನೀವ ಏನ್ರಿ?"

ಮುನೀಂದ್ರನಿಗೆ ಎದೆ ಉಬ್ಬಿತು. ಊರಿಗೆಲ್ಲ ಸುದ್ದಿಯಾಗಿದೆ! "ಹೌದಮ್ಮ, ನಾನೇ. ಟಾರ್ಗೆಟ್ ಅಂದ್ರೆ ಏನು ಅಂದ್ರೆ..."

"ಅದನ್ನ ನಮಗ ಹೇಳಬ್ಯಾಡ್ರಿ ಸರ. ನಮಗ ದಿನಾ ಕೊಡ್ತಾರ. ತಾಸಿಗೆ ಎಂಬತ್ತು ಕಾಲರ್ ಹೊಲೀಬೇಕು. ಆಗಲಿಲ್ಲಂದ್ರ ಸೂಪರ್‌ವೈಸರ್ ಬಾಯಿಗೆ ಬಂದಂಗ ಬೈತಾನ. ಮೂರು ದಿನ ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂತಾನ. ಆರು ಮಕ್ಕಳನ್ನ ತಗೀತೀರಂತಲ್ರಿ, ಯಾರ್‍ಯಾರನ್ನ ಅಂತ ಹೇಳಿಬಿಡ್ರಿ."

"ಅಯ್ಯೋ! ಯಾರನ್ನ ತೆಗೀತಾರಮ್ಮ? ಮಕ್ಕಳಿಗೆ ಏನೂ ಆಗಲ್ಲ. ಟಾರ್ಗೆಟ್ ರೀಚ್ ಆಗ್ಲಿಲ್ಲ ಅಂದ್ರೆ ಹೋಗೋದು ನನ್ನ ತಲೆ!"

ಸಮಾಧಾನ ಮಾಡಲೆಂದೇ ಹೇಳಿದ ಮಾತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಸೂಪರ್‌ವೈಸರೂ ದಿನಾ ಇದನ್ನೇ ಹೇಳುತ್ತಿದ್ದ. ಮೇಲಿನವರು ನನ್ನ ತಲೆ ತೆಗೀತಾರೆ, ಅದಕ್ಕೇ ನಿಮ್ಮ ತಲೆ ತೆಗೀತೀನಿ ಅಂತ.

"ಹಂಗಂದ್ರ ಖಾತ್ರಿ ಆತು," ಎಂದಳು ಹಿಂದಿನಿಂದ ಒಬ್ಬಳು. "ಇವರ ಕೆಲಸ ಉಳಿಬೇಕಂದ್ರ ಆರು ಮಂದಿನ್ನ ಕಳಸೇ ಕಳಸ್ತಾರ."

"ಅಮ್ಮ, ನಾನು ಹೇಳಿದ್ದು ಹಾಗಲ್ಲ!"

"ಎಲ್ಲಾ ಸೂಪರ್‌ವೈಸರೂ ಹಂಗ ಅಂತಾರ್ರಿ ಸರ," ಎಂದಳು ಚನ್ನಕ್ಕ, ಸಿಟ್ಟಿಲ್ಲದೆ, ಕನಿಕರದಿಂದಲೇ. ಶಿಫ್ಟಿಗೆ ಹೊತ್ತಾಯಿತೆಂದು ಅವರು ಸರಸರ ನಡೆದುಬಿಟ್ಟರು. ಮುನೀಂದ್ರ ಹೆಲ್ಮೆಟ್ ತಲೆಯ ಮೇಲೇ ಇಟ್ಟುಕೊಂಡು ಮೊದಲ ಪೀರಿಯಡ್ಡಿನವರೆಗೆ ಓಡಾಡಿದ.

ಮಧ್ಯಾಹ್ನ ಬಾಲಾಜಿಯ ಅಜ್ಜಿ ಸೊಣ್ಣಮ್ಮ ಬಂದಳು. ಒಂದು ಮೊರ ಅವರೆಕಾಯಿ, ನಾಲ್ಕು ತೆಂಗಿನಕಾಯಿ ಸ್ಟಾಫ್ ರೂಮಿನ ಮೇಜಿನ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಳು.

"ಏನಜ್ಜಿ ಇದೆಲ್ಲ?"

"ಏನಿಲ್ಲ ಕಣಪ್ಪ, ಇತ್ಲಲ್ ಬೆಳ್ದಿದ್ದು. ನಮ್ ಬಾಲಾಜಿ ಆ ಆರ್ ಜನ್ದಾಗೆ ಇರ್ಬಾರ್ದು. ಅಷ್ಟೇಯ."

"ಅಜ್ಜೀ, ಆರು ಜನ ಅಂತ ಏನೂ ಇಲ್ಲ. ಯಾರನ್ನೂ ತೆಗೆಯಲ್ಲ."

"ಅಂಗೇ ಏಳ್ತಾರೆ ಕಣಪ್ಪ. ನಮ್ಮೆಜಮಾನ್ರು ಏನಂದ್ರು ಗೊತ್ತಾ? ಈಗ ಆರು, ಮುಂದ್ಲ ವರ್ಸ ಅನ್ನೆರಡು, ಇಂಗೇ ಕಮ್ಮಿ ಮಾಡಿ ಮಾಡಿ ಇಸ್ಕೂಲ್ ಮುಚ್ಚಿ, ಈ ಜಾಗ ಯಾವನೋ ಲೇಔಟ್ನೋನಿಗೆ ಬರ್ದು ಕೊಡ್ತಾರೆ ಅಂದ್ರು. ಅವ್ರು ಪಂಚಾಯ್ತಿ ಮೆಂಬ್ರಾಗಿದ್ದೋರು, ಇಂಥವೆಲ್ಲ ಅವ್ರಿಗೆ ಚೆನ್ನಾಗ್ ಗೊತ್ತು."

"ನಾನೊಬ್ಬ ಟ್ರೈನಿ ಕಣಜ್ಜಿ! ಈ ಶಾಲೆ ಸೀಮೆಸುಣ್ಣದ ಡಬ್ಬಿ ತೆಗೀಬೇಕು ಅಂದ್ರೂ ಎಚ್ಚೆಮ್ ಮೇಡಂನ ಕೇಳ್ಬೇಕು. ಜಾಗ ಎಲ್ಲಿಂದ ಬರೆದುಕೊಡ್ಲಿ?"

ಸೊಣ್ಣಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಂಗಾದ್ರೆ ನಿನ್ ಮುಂದಿಟ್ಕಂಡು ಇಂದೆ ಯಾರೋ ಆಟ ಆಡ್ತಾವ್ರೆ" ಎಂದು ತೀರ್ಮಾನಿಸಿ ಎದ್ದಳು. ಅವರೆಕಾಯಿ ವಾಪಸ್ ಒಯ್ಯಿರಿ ಎಂದರೂ ಒಯ್ಯಲಿಲ್ಲ. ಅದನ್ನು ಏನು ಮಾಡುವುದೆಂದು ತೋಚದೆ ಬಿಸಿಯೂಟದ ಅಡುಗೆಯವರಿಗೆ ಕೊಟ್ಟ. ಟ್ರೈನಿಂಗ್ ಸಾರ್‌ಗೆ ಅವರೆಕಾಯಿ ಕೊಟ್ಟರೆ ಮಗು ಉಳಿಯುತ್ತದೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿ, ಮರುದಿನ ಶಾಲೆಯ ಕಟ್ಟೆಯ ಮೇಲೆ ಎರಡು ಕುಂಬಳಕಾಯಿ, ಒಂದು ಬುಟ್ಟಿ ಸೀಬೆಹಣ್ಣು, ಕಾಲು ಕಟ್ಟಿದ ಒಂದು ಜೀವಂತ ಕೋಳಿ ಬಂದು ಕೂತಿದ್ದವು. ಹೇಳಿ ಸ್ವಾಮಿ, ಇಂಥ ಸಂದರ್ಭದಲ್ಲಿ ಮನುಷ್ಯ ಪಾಠ ಯೋಜನೆ ಬರೆಯಬೇಕೋ, ಕೋಳಿ ಬಿಚ್ಚಬೇಕೋ?

ಬುಧವಾರದ ನಿಜವಾದ ಅನಾಹುತ ಕೋಳಿಯಲ್ಲ. ಆರನೇ ತರಗತಿಯಲ್ಲಿ ಹದಿಮೂರು ಮಕ್ಕಳು ಗೈರು. ಶೀಟಿನ ಮನೆಗಳವರು ಕೂತು ಮಾತಾಡಿ ಒಂದು ಉಪಾಯ ಹುಡುಕಿದ್ದರು. ಶುಕ್ರವಾರ ಕಳೆಯುವವರೆಗೆ ಮಗು ಶಾಲೆಯಲ್ಲೇ ಇಲ್ಲದಿದ್ದರೆ ಅದನ್ನು ಆರರಲ್ಲಿ ಹೇಗೆ ಸೇರಿಸುತ್ತಾರೆ? ಶಾಲೆಯಿಂದ ತೆಗೆದುಬಿಡುತ್ತಾರೆ ಎಂಬ ಹೆದರಿಕೆಗೆ ಮಕ್ಕಳನ್ನು ಶಾಲೆಗೇ ಕಳಿಸದೆ ಇಟ್ಟುಕೊಂಡಿದ್ದರು.

ಮುಖ್ಯ ಶಿಕ್ಷಕಿ ರುದ್ರಮ್ಮ ಮೇಡಂ ಮುನೀಂದ್ರನನ್ನು ಕರೆದರು. ಮೂವತ್ತು ವರ್ಷ ಸರ್ವಿಸ್ ಆದವರು. ಅವರು ಗಟ್ಟಿಯಾಗಿ ಕೂಗುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ. ಅದೇ ಹೆಚ್ಚು ಭಯ.

"ಮುನೀಂದ್ರ ಅವ್ರೇ, ಹದಿಮೂರು ಮೊಟ್ಟೆ ಬೇಯ್ಸಿ ಇಟ್ಟಿದೀವಿ. ತಿನ್ನೋಕೆ ಮಕ್ಕಳಿಲ್ಲ. ನಾನು ರಿಜಿಸ್ಟರಲ್ಲಿ ಕಾರಣ ಏನಂತ ಬರೀಲಿ? ಟಾರ್ಗೆಟ್ ಅಂತ ಬರೀಲಾ?"

"ಮೇಡಂ, ನಾನು ಕಲಿಕೆಯ ಗುರಿ..."

"ನೀವು ಗುರಿ ಇಡೋಕೆ ಮುಂಚೆ ನಮ್ಮ ಶಾಲೆ ಹಾಜರಿ ಚೆನ್ನಾಗಿತ್ತು. ಹೋಗಿ, ಮಕ್ಕಳನ್ನ ಕರ್ಕೊಂಡ್ ಬನ್ನಿ. ಹಾಗೇ ಆ ಕೋಳಿ ಯಾರದು ಅಂತ ಕೇಳಿ ಕೊಟ್ಟು ಬನ್ನಿ."

ಸಂಜೆ ಐದೂವರೆಗೆ, ಕಾರ್ಖಾನೆ ಬಿಟ್ಟು ಎಲ್ಲರೂ ಮನೆ ಸೇರುವ ಹೊತ್ತಿಗೆ, ಮುನೀಂದ್ರ ಕಂಕುಳಲ್ಲಿ ಕೋಳಿ ಹಿಡಿದುಕೊಂಡು ಶೀಟಿನ ಮನೆಗಳ ಸಾಲಿಗೆ ಹೋದ. ಕೋಳಿ ಯಾರದೂ ಅಲ್ಲವೆಂದರು. ಚನ್ನಕ್ಕನ ಗಂಡ ಯಮನಪ್ಪ, ಸೆಂಟ್ರಿಂಗ್ ಕೆಲಸದವನು, ಕುರ್ಚಿ ಹಾಕಿ ಕೂರಿಸಿ ನೇರವಾಗಿ ವ್ಯವಹಾರಕ್ಕೆ ಇಳಿದ.

"ಸರ, ಇಪ್ಪತ್ನಾಕು ಬ್ಯಾಡ್ರಿ. ಇಪ್ಪತ್ತೆಂಟಕ್ಕ ಮುಗಸ್ರಿ."

"ಏನು ಮುಗಿಸೋದು?"

"ಇಬ್ಬರನ್ನ ತಗೀರಿ, ಆರು ಮಂದಿ ಭಾಳ ಆತು. ಹೋಗ್ಲಿ, ಇಪ್ಪತ್ತೇಳು ಮಾಡ್ರಿ. ನಿಮ್ಮದೂ ಆಗಲಿ, ನಮ್ಮದೂ ಆಗಲಿ."

"ಯಾರನ್ನೂ ತೆಗೆಯಲ್ಲ ಕಣ್ರೀ!" ಮುನೀಂದ್ರ ಎಷ್ಟು ಜೋರಾಗಿ ಕಿರುಚಿದನೆಂದರೆ ಕಂಕುಳಲ್ಲಿದ್ದ ಕೋಳಿ ಬೆಚ್ಚಿ ಅವನ ಅಂಗಿಯ ಮೇಲೆ ತನ್ನ ಕೆಲಸ ಮುಗಿಸಿತು. "ನಿಮ್ಮ ಕಾಲಿಗೆ ಬೀಳ್ತೀನಿ. ಭಿನ್ನರಾಶಿ ಪಾಠ! ಇಪ್ಪತ್ನಾಲ್ಕು ಜನ ಲೆಕ್ಕ ಸರಿ ಮಾಡಿದ್ರೆ ನಾನು ಪಾಸು. ಮಾಡ್ದಿದ್ರೆ ನಾನು ಫೇಲು. ಮಕ್ಕಳಿಗೂ ಇದಕ್ಕೂ ಸಂಬಂಧವೇ ಇಲ್ಲ!"

ಕೊನೆಯ ವಾಕ್ಯ ಹೇಳಿದ ಮೇಲೆ ಅವನಿಗೇ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಜನಕ್ಕೆ ಮೊದಲ ಸಲ ವಿಷಯ ತಲೆಗೆ ಹತ್ತಿತು. ಚನ್ನಕ್ಕ ರೊಟ್ಟಿ ತಟ್ಟುವುದು ನಿಲ್ಲಿಸಿ ಹೊರಗೆ ಬಂದಳು.

"ಅಂದ್ರ ಪರೀಕ್ಷಾ ನಿಮ್ದು ಅಂದಂಗಾತು."

"ಹೌದು ತಾಯಿ."

"ಇದನ್ನ ಮೊದಲ ಹೇಳಾಕ ಏನಾಗಿತ್ರಿ? ಭಿನ್ನರಾಶಿ ಅಂದ್ರೇನು? ನಾನು ಐದನೇತ್ತೆಗೆ ಸಾಲಿ ಬಿಟ್ಟಾಕಿ. ನಮಗ ಹೇಳಿಕೊಡ್ರಿ, ಮನ್ಯಾಗ ಮಕ್ಕಳಿಗೆ ನಾವು ಹೇಳಿಕೊಡ್ತೀವಿ."

ಹೀಗೆ ಎರಡು ಸಂಜೆ ಶೀಟಿನ ಮನೆಗಳ ಅಂಗಳದಲ್ಲಿ ಪಾಠ ನಡೆಯಿತು. ಮುನೀಂದ್ರ ಜೋಳದ ರೊಟ್ಟಿ ಮುರಿದು ಅರ್ಧ, ಕಾಲು ಎಂದು ಶುರುಮಾಡಿದರೆ, ದಿನವಿಡೀ ಬಟ್ಟೆ ಅಳೆಯುವ ಆ ಹೆಂಗಸರು, "ಅದು ಗೊತ್ತೈತಿ, ಮುಂದಕ್ಕ ಹೋಗ್ರಿ" ಎನ್ನುತ್ತಿದ್ದರು. ಮೇಲಿನದನ್ನೂ ಕೆಳಗಿನದನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಸಂಕ್ಷಿಪ್ತ ಮಾಡುವುದನ್ನು ಚನ್ನಕ್ಕ ಹತ್ತು ನಿಮಿಷದಲ್ಲಿ ಕಲಿತಳು. ಮಗಳು ಶೈಲಶ್ರೀ ಮಾತ್ರ ರೊಟ್ಟಿ ತಿಂದುಬಿಡುತ್ತಿದ್ದಳು. ಗುರುವಾರ ಹದಿಮೂರು ಮಕ್ಕಳೂ ಶಾಲೆಗೆ ಬಂದವು. ಕೋಳಿ ಮಾತ್ರ ಮುನೀಂದ್ರನ ಜೊತೆ ಮನೆಗೆ ಹೋಯಿತು. ಲಾವಣ್ಯ ಅದನ್ನು ನೋಡಿ, ಗಂಡನ ಅಂಗಿ ನೋಡಿ, ಬಾಲ್ಕನಿಯ ಬಾಗಿಲು ತೆರೆದುಕೊಟ್ಟಳು.

ಶುಕ್ರವಾರ ಹನ್ನೊಂದಕ್ಕೆ ಭಾನುಪ್ರಕಾಶ್ ಬಂದರು. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕಡತ ಬಿಚ್ಚಿದವರು ತಲೆ ಎತ್ತಿ ನೋಡುತ್ತಾರೆ, ನಾಲ್ಕೂ ಕಿಟಕಿಗಳಲ್ಲಿ ಜನ. ಗಾರ್ಮೆಂಟ್ಸ್‌ನವರು ಅರ್ಧ ದಿನ ರಜೆ ಹಾಕಿ ಬಂದಿದ್ದಾರೆ. ಯಮನಪ್ಪ ಸಿಮೆಂಟು ಮೆತ್ತಿದ ಕಾಲಲ್ಲೇ ಬಂದಿದ್ದಾನೆ. ಚಿಕ್ಕಮುನಿಯಪ್ಪ ಬಿಳಿ ಪಂಚೆ ಉಟ್ಟು, ಶಾಲೆಯ ಜಾಗ ಈಗಲೇ ಯಾರೋ ಹೊತ್ತೊಯ್ಯುತ್ತಾರೆ ಎನ್ನುವ ಹಾಗೆ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಪಕ್ಕದಲ್ಲಿ ಸೊಣ್ಣಮ್ಮ.

"ಇವರೆಲ್ಲ ಯಾರ್ರೀ?"

"ಪೋಷಕರು ಸಾರ್."

"ಸೆಮಿಸ್ಟರಿಗೊಂದು ಪೋಷಕರ ಸಭೆ ಕರೆದ್ರೆ ಮೂರು ಜನ ಬರಲ್ಲ. ಇವರನ್ನ ಹೇಗ್ರೀ ಕರೆಸಿದ್ರಿ?"

"ಬೋರ್ಡ್ ಹಾಕಿದ್ದೆ ಸಾರ್," ಎಂದ ಮುನೀಂದ್ರ. ಅದು ನಿಜವೇ ಆಗಿತ್ತು.

ಪಾಠ ನಡೆಯಿತು. ಈ ಸಲ ಆರನೇ ತರಗತಿಯ ಪಾಠವನ್ನೇ ಮಾಡಿದ, ಪುಸ್ತಕದ ರಟ್ಟನ್ನು ಮೂರು ಸಲ ನೋಡಿಕೊಂಡು. ಕೊನೆಗೆ ಭಾನುಪ್ರಕಾಶ್ ತಾವೇ ಐದು ಲೆಕ್ಕ ಕೊಟ್ಟರು. ಮಕ್ಕಳು ಬರೆಯುತ್ತಿದ್ದರೆ ಕಿಟಕಿಯಲ್ಲಿ ತಾಯಂದಿರ ತುಟಿಗಳು ಪಿಟಿಪಿಟಿ ಅಲ್ಲಾಡುತ್ತಿದ್ದವು. ಸೊಣ್ಣಮ್ಮ "ಬಾಲಾಜೀ, ಮ್ಯಾಲ್ದೂ ಭಾಗ್ಸು, ಕೆಳಗ್ದೂ ಭಾಗ್ಸು" ಎಂದು ಕೂಗಿದಾಗ ರುದ್ರಮ್ಮ ಮೇಡಂ ಬಂದು ಅವಳ ಭುಜದ ಮೇಲೆ ಕೈಯಿಟ್ಟರು.

ಭಾನುಪ್ರಕಾಶ್ ಒಂದೊಂದೇ ಹಾಳೆ ತಿದ್ದಿ ಎರಡು ಗುಂಪು ಮಾಡತೊಡಗಿದರು. ಹದಿನೆಂಟು. ಹತ್ತೊಂಬತ್ತು. ಆಮೇಲೆ ಸತತವಾಗಿ ನಾಲ್ಕು ತಪ್ಪು. ಮುನೀಂದ್ರ ಮೇಜಿನ ಅಂಚು ಹಿಡಿದುಕೊಂಡ. ಇಪ್ಪತ್ತು. ಇಪ್ಪತ್ತೊಂದು. ಶೈಲಶ್ರೀಯ ಹಾಳೆ ತಪ್ಪಿನ ಗುಂಪಿಗೆ ಹೋಯಿತು. ಐದರಲ್ಲಿ ಮೂರು ಮಾತ್ರ ಸರಿ. ಇಪ್ಪತ್ತೆರಡು, ಇಪ್ಪತ್ತಮೂರು. ಕೊನೆಯ ಹಾಳೆ ಬಾಲಾಜಿಯದು. ಭಾನುಪ್ರಕಾಶ್ ಅದನ್ನು ಎರಡು ಸಲ ನೋಡಿ ಸರಿಯ ಗುಂಪಿನ ಮೇಲಿಟ್ಟರು.

"ಇಪ್ಪತ್ನಾಲ್ಕು," ಎಂದರು. "ಸರಿಯಾಗಿ ಇಪ್ಪತ್ನಾಲ್ಕು. ಪರವಾಗಿಲ್ಲ ಕಣ್ರೀ ಮುನೀಂದ್ರ. ಗುರಿ ಅಂದ್ರೆ ಹೀಗಿರ್ಬೇಕು."

ಮುನೀಂದ್ರನ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಭಾನುಪ್ರಕಾಶ್ ಹಾಳೆಗಳನ್ನು ಮಕ್ಕಳಿಗೆ ವಾಪಸ್ ಹಂಚಿಸಿ, ಕಡತ ತೆರೆದು ಸಹಿಯ ಜಾಗಕ್ಕೆ ಪೆನ್ನು ಊರಿದರು. ಆಗ ಕಿಟಕಿಯಿಂದ ಧ್ವನಿ ಬಂತು.

"ಸರ, ಒಂದು ಮಾತು ಕೇಳಬಹುದೇನ್ರಿ?"

ಚನ್ನಕ್ಕ. ಮುನೀಂದ್ರ ಕೈಸನ್ನೆ ಮಾಡಿ ಬೇಡವೆಂದ. ಅವಳು ನೋಡಲಿಲ್ಲ.

"ಮೂವತ್ತರಾಗ ಇಪ್ಪತ್ನಾಕು. ಮ್ಯಾಲೂ ಕೆಳಗೂ ಆರರಿಂದ ಭಾಗಿಸಿದ್ರ ಐದರಾಗ ನಾಕು. ಹೌದಿಲ್ರಿ?"

ಭಾನುಪ್ರಕಾಶ್ ಕನ್ನಡಕ ಸರಿಮಾಡಿಕೊಂಡರು. "ಹೌದಮ್ಮ. ಬಹಳ ಸರಿ."

"ಅಂದ್ರ ಐದು ಮಕ್ಕಳೊಳಗ ಒಂದಕ್ಕ ತಿಳೀಲಿಲ್ಲಂದ್ರೂ ನಡೀತದ ಅಂತ ಪಾಠಾ ಶುರು ಮಾಡೂ ಮೊದಲ ಬರದಿಟ್ಟಾರೇನ್ರಿ?"



"ಅದು ಹಾಗಲ್ಲಮ್ಮ. ಕಾಲೇಜಿನ ಕೈಪಿಡೀಲಿ ಶೇಕಡಾ ಎಂಬತ್ತು ಅಂತ ಇದೆ."

"ಇರಬಹುದ್ರಿ. ನಮ್ಮ ಲೈನಿನ್ಯಾಗ ಐದು ಅಂಗಿಯೊಳಗ ಒಂದಕ್ಕ ತೋಳು ಹಚ್ಚದ ಕಳಿಸಿ, ಟಾರ್ಗೆಟ್ ಆತ್ರಿ ಅಂದ್ರ ನಡ್ಯಾಂಗಿಲ್ಲ. ಬಿಚ್ಚಿ ಮತ್ತ ಹೊಲಸ್ತಾರ. ಬರೇ ಅಂಗಿಗೇ ಅಷ್ಟು ಐತ್ರಿ ಸರ."

ಭಾನುಪ್ರಕಾಶರ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತ್ತು, ಅಲ್ಲೊಂದು ಕೆಂಪು ಚುಕ್ಕೆ ಅಗಲವಾಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಬಿ.ಇಡಿ.ಯವರಿಗೆ ಗುರಿ ಬರೆಯುವುದನ್ನು ಕಲಿಸಿದವರು. ಅವರಿಗೆ ಯಾರೂ ಈ ಲೆಕ್ಕ ಮಾಡಿ ತೋರಿಸಿರಲಿಲ್ಲ. ಅವರಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಮುನೀಂದ್ರನ ಮೇಲೆ ತಿರುಗಿದರು.

"ಗುರಿ ಬರೆದೋರು ನೀವು. ಇಪ್ಪತ್ನಾಲ್ಕೇ ಸಾಕು ಅನ್ನಿ, ಈಗಲೇ ಸಹಿ ಹಾಕ್ತೀನಿ. ನಿಯಮದ ಪ್ರಕಾರ ಸರಿ ಇದೆ. ಮೂವತ್ತು ಅಂತೀರಾ, ಮೂವತ್ತೂ ಆಗೋವರೆಗೆ ನೀವು ಇಲ್ಲೇ. ತಿಂಗಳ ಕೊನೆ ಒಳಗೆ ಆಗ್ಲಿಲ್ಲ ಅಂದ್ರೆ ಸೆಮಿಸ್ಟರ್ ಹೋಯ್ತು. ಬೇಗ ಹೇಳಿ."

'ಸಾಕು ಸಾರ್.' ಹೇಳಬೇಕಾದದ್ದು ಎರಡೇ ಪದ. ಮುನೀಂದ್ರ ಬಾಯಿ ತೆರೆದ. ಮೂರನೇ ಬೆಂಚಿನಲ್ಲಿ ಶೈಲಶ್ರೀ ತನ್ನ ತಪ್ಪು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜಾಮೆಟ್ರಿ ಬಾಕ್ಸಿನೊಳಗೆ ತುರುಕುತ್ತಿದ್ದಳು. ಈ ಹಾಳು ಹುಡುಗಿ ಅದನ್ನು ಆಮೇಲೆ ಮಡಚಬಾರದಿತ್ತೇ! ಮುನೀಂದ್ರನಿಗೆ ಅವಳ ಮೇಲೆ, ಅವಳ ತಾಯಿಯ ಮೇಲೆ, ಬಟ್ಟೆ ಕಾರ್ಖಾನೆಗಳ ಮೇಲೆ, ಭಿನ್ನರಾಶಿ ಕಂಡುಹಿಡಿದ ಪುಣ್ಯಾತ್ಮನ ಮೇಲೆ ಒಟ್ಟಿಗೇ ರೇಗಿತು. ಗೋಡೆಯ ಹತ್ತಿರ ಹೋಗಿ, ಸ್ಕೆಚ್ ಪೆನ್ನಿನಿಂದ ಇಪ್ಪತ್ತನಾಲ್ಕನ್ನು ಹೊಡೆದು ಮೂವತ್ತು ಎಂದು ಬರೆದ. ಸಿಟ್ಟಿಗೆ ಹಾಳೆ ಹರಿದು ಶಾಯಿ ಗೋಡೆಗೂ ಹತ್ತಿತು.

ಕಿಟಕಿಗಳಲ್ಲಿ ಚಪ್ಪಾಳೆ. ಚಿಕ್ಕಮುನಿಯಪ್ಪ ತಾನೇ ಇದನ್ನೆಲ್ಲ ಇತ್ಯರ್ಥ ಮಾಡಿದವನಂತೆ ಎಲ್ಲರಿಗೂ ಕೈಮುಗಿದ. ಭಾನುಪ್ರಕಾಶ್ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು.

"ದಡ್ಡ ಕಣ್ರೀ ನೀವು," ಎಂದರು. ಆದರೆ ಹೋಗುವಾಗ ಆ ಹರಿದ ಹಾಳೆಯ ಮುಂದೆ ಒಂದು ಗಳಿಗೆ ನಿಂತು ಹೋದರು.

ರುದ್ರಮ್ಮ ಮೇಡಂಗೆ ಮಾತ್ರ ಎಲ್ಲಿಲ್ಲದ ಸಂತೋಷ. "ಒಳ್ಳೇದಾಯ್ತು ಬಿಡಿ. ನಮ್ಮಲ್ಲಿ ಗಣಿತದ ಟೀಚರ್ ಟ್ರಾನ್ಸ್‌ಫರ್ ಆಗಿ ಎರಡು ವರ್ಷ ಆಯ್ತು. ಸೋಮವಾರದಿಂದ ಏಳನೇ ಕ್ಲಾಸೂ ನೀವೇ ತಗೊಳ್ಳಿ."

ಲಾವಣ್ಯಳ ಫೋನ್ ಬಂತು. "ರೀ, ಸಹಿ ಆಯ್ತಾ?"

"ಇಲ್ಲ. ಟಾರ್ಗೆಟ್ ಜಾಸ್ತಿ ಆಯ್ತು."

"ಯಾವನ್ರೀ ಅವನು, ಕೊನೇ ದಿನ ಟಾರ್ಗೆಟ್ ಜಾಸ್ತಿ ಮಾಡೋನು? ಬುದ್ಧಿ ಇದೆಯಾ ಅವನಿಗೆ?"

"ನಾನೇ ಕಣೆ."

ಫೋನ್ ಕಟ್ಟಾಯಿತು.

ಊಟದ ಬೆಲ್ಲಾಗಿ ತರಗತಿ ಖಾಲಿಯಾಯಿತು. ಆರು ಮಕ್ಕಳು ಮಾತ್ರ ಏಳದೆ ಕೂತಿದ್ದವು. ತಾವು ಏಳಬಹುದೋ ಇಲ್ಲವೋ ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಮುನೀಂದ್ರ ಸಹಿಯಿಲ್ಲದ ಕಡತ ಹಿಡಿದು, ಸುಸ್ತಾಗಿ, ಕುರ್ಚಿಯವರೆಗೂ ಹೋಗಲಾರದೆ ಮೂರನೇ ಬೆಂಚಿನ ಪಕ್ಕ ನಿಂತ. ಶೈಲಶ್ರೀ ಅವನ ಮುಖವನ್ನೇ ನೋಡಿದಳು. ದೊಡ್ಡವರೊಬ್ಬರು ನಪಾಸಾಗಿದ್ದನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಸರ, ನೀವೂ ನಮ್ಮ ಆರರಾಗ ಬಂದ್ರೇನ್ರಿ?"

"ಏಳನೆಯವನು ಕಣಮ್ಮ," ಎಂದ ಮುನೀಂದ್ರ. "ಸ್ವಲ್ಪ ಜರುಗು. ಆ ಹಾಳೆ ಈಚೆ ತೆಗಿ."